ಮನೆಯಲ್ಲೇ ಹಾಡಿ ರೆಕಾರ್ಡ್ ಮಾಡಿದ್ದೀರಿ, ಈಗ ಯಾವ ಫೈಲಲ್ಲಿ ಇಡೋದು?

ನಮ್ಮೂರಿನ ಒಂದು ಸಂಗೀತ ಶಾಲೆಯಲ್ಲಿ ಭಾನುವಾರ ಬೆಳಿಗ್ಗೆ ಮಾತಾಡಿದ್ದು ಇದು. ಬಂದವರು ಮೂವತ್ತು ಜನ ಇರಬಹುದು. ಹೆಚ್ಚಿನವರು ಮನೆಯಲ್ಲೇ ಹಾಡಿ, ನುಡಿಸಿ, ಫೋನಿನಲ್ಲೋ ಸಣ್ಣ ಯುಎಸ್‌ಬಿ ಮೈಕಿನಲ್ಲೋ ರೆಕಾರ್ಡ್ ಮಾಡುವವರು. ಅಲ್ಲಿ ಸ್ಪೀಕರ್ ಇಟ್ಟು ಕೇಳಿಸಿದ್ದನ್ನು ಇಲ್ಲಿ ಮಾತಲ್ಲೇ ಹೇಳಬೇಕಾಗಿದೆ. ಉಳಿದದ್ದು ಹೆಚ್ಚುಕಡಿಮೆ ಆಡಿದ ಹಾಗೇ ಇದೆ.

ಮೊದಲು ಒಂದು ಹಾಡು ಕೇಳಿಸಿಬಿಡುತ್ತೇನೆ. ನಲವತ್ತು ಸೆಕೆಂಡ್ ಅಷ್ಟೇ.

ಬಾವಿಯೊಳಗೆ ಕೂತು ಹಾಡಿದ ಹಾಗಿದೆ, ಅಲ್ವಾ? ಇದು ನಮ್ಮ ಅಜ್ಜಿ. 2008ರಲ್ಲಿ ಚಿಕ್ಕಪ್ಪನ ಮಗಳ ಮದುವೆ, ಚಪ್ಪರದ ದಿನ ಹಾಡಿದ ಸೋಬಾನೆ ಪದ. ಅಜ್ಜಿ ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಅದನ್ನೇ ಎತ್ತಿಕೊಂಡು ಹಾಡುತ್ತಿದ್ದರು. ಕೈ ತುಂಬ ಹೊಸ ಬಳೆ, ಅದರ ಸದ್ದೂ ಹಾಡಿನ ಜೊತೆಗೇ ಇತ್ತು. ಈಗ ಕೇಳಿ ನೋಡಿ, ಬಳೆ ಸದ್ದು ಇಲ್ಲವೇ ಇಲ್ಲ. 'ಸೋಬಾನೆ' ಅನ್ನುವಲ್ಲಿನ 'ಸೋ' ಕೂಡ 'ಫೋ' ಥರ ಕೇಳುತ್ತದೆ.

ಕಾರಣ ಇಷ್ಟೇ. ನನ್ನ ಆಗಿನ ಫೋನು ಎಎಂಆರ್ ಅನ್ನುವ ಫೈಲಲ್ಲಿ ರೆಕಾರ್ಡ್ ಮಾಡುತ್ತಿತ್ತು. ಅದು ಫೋನಲ್ಲಿ ಮಾತಾಡೋದಕ್ಕೆ ಅಂತ ಮಾಡಿದ ಫಾರ್ಮ್ಯಾಟ್. ಸೆಕೆಂಡಿಗೆ 8,000 ಸಲ ಮಾತ್ರ ಸದ್ದನ್ನು ಅಳೆಯುತ್ತದೆ, ಹಾಗಾಗಿ ಅದರ ಅರ್ಧ, ಅಂದರೆ ಸೆಕೆಂಡಿಗೆ 4,000 ಕಂಪನಕ್ಕಿಂತ (4,000 ಹರ್ಟ್ಝ್) ಮೇಲಿನದ್ದು ಅದರೊಳಗೆ ಬರುವುದಕ್ಕೇ ಆಗುವುದಿಲ್ಲ. ಬಳೆಯ ಕಿಣಿಕಿಣಿ, ಸಕಾರದ ಸೀಟಿ ಎಲ್ಲ ಇರುವುದು ಅಲ್ಲಿಂದ ಮೇಲೆ. ಸೆಟ್ಟಿಂಗ್ಸ್ ಒಳಗೆ ಇದಕ್ಕಿಂತ ಒಳ್ಳೆ ಆಯ್ಕೆ ಇತ್ತು. ಮೆಮೊರಿ ಕಾರ್ಡ್ ತುಂಬಿಹೋಗುತ್ತದೆ ಅಂತ ನಾನೇ ಅದನ್ನು ಮುಟ್ಟಿರಲಿಲ್ಲ. ಆ ಕಾರ್ಡು ಈಗಲೂ ನನ್ನ ಹತ್ತಿರ ಇದೆ, ಮುಕ್ಕಾಲು ಖಾಲಿ.

ಈ ವಿಷಯದಲ್ಲಿ ನನಗೆ ತಲೆ ಕೆಟ್ಟಿದ್ದು ಹೀಗೆ. ನಾನು ಸೌಂಡ್ ಇಂಜಿನಿಯರ್ ಅಲ್ಲ. ಸ್ವಲ್ಪ ಕೊಳಲು ನುಡಿಸುತ್ತೇನೆ, ಗೆಳೆಯರ ಹಾಡು ರೆಕಾರ್ಡ್ ಮಾಡಿಕೊಡುತ್ತೇನೆ, ಅಷ್ಟೇ.

ಫೈಲಿನೊಳಗೆ ಏನಿರುತ್ತದೆ ಅಂತ ಒಂದು ನಿಮಿಷ ನೋಡೋಣ. ಮೈಕಿನಿಂದ ಬಂದ ಸದ್ದನ್ನು ಕಂಪ್ಯೂಟರು ಮತ್ತೆ ಮತ್ತೆ ಅಳೆದು ಅಂಕಿ ಬರೆದುಕೊಳ್ಳುತ್ತದೆ. ಸೀಡಿಯ ಲೆಕ್ಕದಲ್ಲಿ ಸೆಕೆಂಡಿಗೆ 44,100 ಸಲ, ಪ್ರತಿ ಅಂಕಿಗೂ 16 ಬಿಟ್, ಎಡಕ್ಕೊಂದು ಬಲಕ್ಕೊಂದು. ಗುಣಿಸಿದರೆ ಸೆಕೆಂಡಿಗೆ 1,411 ಕಿಲೋಬಿಟ್, ಅಂದರೆ ನಿಮಿಷಕ್ಕೆ ಸುಮಾರು 10.6 ಎಂಬಿ. ಈ ಅಂಕಿಗಳನ್ನು ಏನೂ ಮುಟ್ಟದೆ ಹಾಗೇ ಸಾಲಾಗಿ ಬರೆದಿಟ್ಟರೆ ಅದೇ ವೇವ್ ಫೈಲ್. ಮೈಕ್ರೋಸಾಫ್ಟ್ ಮತ್ತು ಐಬಿಎಂ 1991ರಲ್ಲಿ ತಂದದ್ದು. ಆಪಲ್‌ನವರದ್ದು ಅದಕ್ಕೂ ಮುಂಚೆ, 1988ರಲ್ಲಿ ಬಂದ ಎಐಎಫ್ಎಫ್. ಎರಡೂ ಒಂದೇ ಸರಕು, ಚೀಲ ಬೇರೆ.

ಈಗ ಇದನ್ನು ಚಿಕ್ಕದು ಮಾಡಬೇಕು. ಅದಕ್ಕೆ ಎರಡು ದಾರಿ ಇದೆ. ಇದನ್ನು ಹೇಳುವುದಕ್ಕೆ ನನಗೆ ಸೀರೆಗಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ.

ಆರು ಗಜದ ಸೀರೆ ಇದೆ, ಬೀರುವಿನಲ್ಲಿ ಜಾಗ ಇಲ್ಲ. ಒಂದು ದಾರಿ, ಚೆನ್ನಾಗಿ ಮಡಿಸಿ ಒತ್ತಿ ಇಡೋದು. ಜಾಗ ಕಮ್ಮಿ ಹಿಡಿಯುತ್ತದೆ, ತೆಗೆದು ಬಿಡಿಸಿದರೆ ಒಂದು ನೂಲೂ ಹೋಗಿರುವುದಿಲ್ಲ. ಇದು ಫ್ಲ್ಯಾಕ್. ಜಾಶ್ ಕೋಲ್ಸನ್ ಅನ್ನುವವರು ಮಾಡಿದ್ದು, ಮೊದಲ ಪೂರ್ಣ ಆವೃತ್ತಿ ಬಂದದ್ದು 2001ರಲ್ಲಿ, ಅಂದಿನಿಂದಲೂ ಬಿಟ್ಟಿ. ವೇವ್ ಫೈಲು ಇದರಲ್ಲಿ ಸಾಮಾನ್ಯವಾಗಿ ಅರ್ಧದಷ್ಟೋ ಸ್ವಲ್ಪ ಜಾಸ್ತಿಯೋ ಆಗುತ್ತದೆ. ಒಬ್ಬರೇ ಹಾಡಿದ್ದು, ನಡುವೆ ಮೌನ ಇರುವುದು ಇನ್ನೂ ಚಿಕ್ಕದಾಗುತ್ತದೆ. ಗದ್ದಲದ ಬ್ಯಾಂಡ್ ಅಷ್ಟು ಕುಗ್ಗುವುದಿಲ್ಲ. ಬಿಚ್ಚಿದರೆ ಅದೇ ಅಂಕಿಗಳು, ಒಂದೂ ಬಿಡದೆ. ಆಪಲ್ ಕಡೆಯವರಿಗೆ ಇದೇ ಕೆಲಸ ಮಾಡುವ ಎಎಲ್ಎಸಿ ಇದೆ.

ಎರಡನೇ ದಾರಿ ಕತ್ತರಿ. ಸೀರೆ ಉಟ್ಟಾಗ ನೆರಿಗೆಯೊಳಗೆ, ಸೊಂಟದ ಸುತ್ತ ಒಳಮಡಿಕೆಯಲ್ಲಿ ಎಷ್ಟೋ ಬಟ್ಟೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣದ್ದನ್ನು ಇಟ್ಟುಕೊಂಡು ಏನು ಮಾಡೋದು ಅಂತ ಅಷ್ಟನ್ನು ಕತ್ತರಿಸಿ ತೆಗೆದರೆ? ಎದುರಿಗೆ ನಿಂತವರಿಗೆ ಸೀರೆ ಸೀರೆಯ ಹಾಗೇ ಕಾಣುತ್ತದೆ. ಎಂಪಿ3 ಮಾಡುವುದು ಇದನ್ನೇ. ಎಎಸಿ, ಓಪಸ್, ಆಗ್ ವೋರ್ಬಿಸ್ ಎಲ್ಲವೂ ಇದೇ ಮನೆತನ. ಸಂತೆಯಲ್ಲಿ ತಮಟೆ ಬಡಿಯುವಾಗ ಪಕ್ಕದವರು ಪಿಸುಗುಟ್ಟಿದ್ದು ನಮಗೆ ಕೇಳುವುದಿಲ್ಲವಲ್ಲ, ಹಾಗೆ ಒಂದು ಜೋರು ಸ್ವರದ ಮಗ್ಗುಲಲ್ಲೇ ಇರುವ ಸಣ್ಣ ಸದ್ದು ಕಿವಿಗೆ ಬೀಳುವುದಿಲ್ಲ. ಬೀಳದ್ದಕ್ಕೆ ಬಿಟ್ ಯಾಕೆ ಖರ್ಚು ಮಾಡಬೇಕು ಅನ್ನುವುದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಇಂಜಿನಿಯರುಗಳು ವರ್ಷಗಟ್ಟಲೆ ಕೂತು ಬಗೆಹರಿಸಿದ ಲೆಕ್ಕ. ಆ ಫೈಲುಗಳಿಗೆ ಎಂಪಿ3 ಅನ್ನುವ ಬಾಲ ಅಂಟಿಸೋಣ ಅಂತ ಅವರು ತೀರ್ಮಾನಿಸಿದ್ದು 1995ರ ಜುಲೈ 14ರಂದು.

ನಾನು ಎಂಪಿ3ಯನ್ನು ಬೈಯುವವನಲ್ಲ. 128 ಕೆಬಿಪಿಎಸ್‌ನಲ್ಲಿ (ಅಂದರೆ ಸೆಕೆಂಡಿಗೆ 128 ಕಿಲೋಬಿಟ್, ಇದನ್ನೇ ಬಿಟ್‌ರೇಟ್ ಅನ್ನುವುದು) ನಿಮಿಷಕ್ಕೆ 1 ಎಂಬಿಗಿಂತ ಒಂಚೂರು ಕಮ್ಮಿ. ಒಂದು 700 ಎಂಬಿ ಸೀಡಿಯಲ್ಲಿ ಐದೈದು ನಿಮಿಷದ 140 ಹಾಡು ಹಿಡಿಯುತ್ತಿದ್ದವು, ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಗಳು ಅದನ್ನೇ ಮಾರಿಕೊಂಡು ಬದುಕಿದವು. ಇವತ್ತು 256 ಕೆಬಿಪಿಎಸ್‌ನಲ್ಲಿ ಚೆನ್ನಾಗಿ ಮಾಡಿದ ಎಂಪಿ3ಯನ್ನೂ ಮೂಲ ವೇವನ್ನೂ ಹೆಸರು ಮುಚ್ಚಿ ಕೇಳಿಸಿದರೆ ನಾನೇ ಹತ್ತಕ್ಕೆ ಐದಾರು ಸಲ ಸರಿ ಹೇಳುತ್ತೇನೆ. ಅಂದರೆ ಊಹೆ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ.

ಹಾಗಿದ್ದರೆ ತೊಂದರೆ ಎಲ್ಲಿ? ಸೀರೆಯನ್ನು ಬೇರೆ ಥರ ಉಡಲು ಹೋದಾಗ. ಗುಜರಾತಿ ಸೆರಗು ಹಾಕೋಣ ಅಂತ ಬಿಚ್ಚಿದರೆ ನೆರಿಗೆಯೊಳಗಿದ್ದ ತೂತು ಎದೆಯ ಮೇಲೆ ಬಂದು ಕೂರುತ್ತದೆ.

ಇದನ್ನು ಒಂದು ತಂಬೂರಿಯಿಂದ ತೋರಿಸುತ್ತೇನೆ. ಈ ಫೈಲಲ್ಲಿ ಒಬ್ಬರು ದೇವರನಾಮ ಹಾಡುತ್ತಿದ್ದಾರೆ, ಹಿಂದೆ ತಂಬೂರಿ ಇದೆ. 128ರ ಎಂಪಿ3. ಹಾಗೇ ಕೇಳಿದರೆ ಏನೂ ಗೊತ್ತಾಗುವುದಿಲ್ಲ. ಈಗ ಹಾಡಿನ ದನಿಯನ್ನು ಸ್ವಲ್ಪ ಇಳಿಸಿ, ತಂಬೂರಿ ಇರುವ ಮೇಲಿನ ಭಾಗವನ್ನು ಈಕ್ವಲೈಜರ್‌ನಲ್ಲಿ ಎತ್ತುತ್ತೇನೆ. ಕೇಳಿದಿರಾ? ತಂಬೂರಿಯ ಝೇಂಕಾರ ನೀರೊಳಗಿಂದ ಬಂದ ಹಾಗೆ ಗುಳುಗುಳು ಅನ್ನುತ್ತದೆ. ಗಾಯಕಿ ಜೋರಾಗಿ ಹಿಡಿದ ಕಡೆಯೆಲ್ಲ ತಂಬೂರಿಯ ಎಳೆಗಳನ್ನು ಕತ್ತರಿ ತೆಗೆದುಬಿಟ್ಟಿದೆ, ಅವರು ಉಸಿರು ತೆಗೆದುಕೊಂಡ ಕಡೆ ವಾಪಸ್ ಬರುತ್ತವೆ. ತಂತಿಯ ಕೆಳಗಿನ ಜೀವಾಳಿಯ ದಾರ ಸರಿಮಾಡಿ ಅಷ್ಟು ಹೊತ್ತು ಶ್ರುತಿ ಕೂಡಿಸಿದ್ದೆಲ್ಲ ಎಲ್ಲಿ ಹೋಯಿತೋ. ಇದೇ ಕೆಲಸವನ್ನು ವೇವ್ ಫೈಲಿನ ಮೇಲೆ ಮಾಡಿದರೆ ತಂಬೂರಿ ಸುಮ್ನೆ ಜೋರಾಗುತ್ತದೆ, ಅಷ್ಟೇ.

ಚಂಡೆ, ಖಂಜೀರದವರಿಗೆ ಇನ್ನೊಂದು ಕಾಟ. ಈ ಫಾರ್ಮ್ಯಾಟುಗಳು ಸದ್ದನ್ನು ಸಣ್ಣ ಸಣ್ಣ ತುಂಡು ಮಾಡಿ ಲೆಕ್ಕ ಹಾಕುತ್ತವೆ. ತುಂಡಿನ ಕೊನೆಯಲ್ಲಿ ಪೆಟ್ಟು ಬಿದ್ದರೆ ಅದರಿಂದಾಗುವ ಗರಗರ ಇಡೀ ತುಂಡಿಗೆ ಹರಡಿಕೊಳ್ಳುತ್ತದೆ. ಹಾಗಾಗಿ ಕಮ್ಮಿ ಬಿಟ್‌ರೇಟಿನಲ್ಲಿ ಪೆಟ್ಟಿಗಿಂತ ಮುಂಚೆಯೇ ಒಂದು 'ಸ್ಸ್' ಕೇಳುತ್ತದೆ. ಯಕ್ಷಗಾನದ ಚಕ್ರತಾಳವಂತೂ 96 ಕೆಬಿಪಿಎಸ್ ಎಂಪಿ3ಯಲ್ಲಿ ಒಗ್ಗರಣೆ ಸಿಡಿದ ಹಾಗೆ ಇರುತ್ತದೆ. ಓಪಸ್ ಈ ವಿಷಯದಲ್ಲಿ ಬಹಳ ವಾಸಿ. ಅದು 2012ರಲ್ಲಿ ಬಂದ ಫಾರ್ಮ್ಯಾಟ್, ಕಮ್ಮಿ ಜಾಗದಲ್ಲಿ ಅದರಷ್ಟು ಚೆನ್ನಾಗಿ ಕೇಳಿಸುವುದು ಅಪರೂಪ. ನಿಮ್ಮ ವಾಟ್ಸಾಪ್ ವಾಯ್ಸ್ ಮೆಸೇಜ್ ಇರುವುದೂ ಓಪಸ್‌ನಲ್ಲೇ, ಆದರೆ ಮಾತಿಗೆ ಸಾಕಾಗುವಷ್ಟು ಹಿಂಡಿ ಕಳಿಸುತ್ತಾರೆ, ಹಾಡಿಗಲ್ಲ.

ಈಗ ನನಗೇ ಆದ ಒಂದು ಫಜೀತಿ. ಲಾಕ್‌ಡೌನ್ ಸಮಯದಲ್ಲಿ ಎಲ್ಲರ ಹಾಗೆ ನಾವೂ ಮನೆಮನೆಯಿಂದ ನುಡಿಸಿ ಜೋಡಿಸುವ ಹುಚ್ಚಿಗೆ ಬಿದ್ದೆವು. ನಾನು ಕೊಳಲು ನುಡಿಸಿ ಕಳಿಸಿದೆ, ಧಾರವಾಡದಲ್ಲಿರುವ ಗೆಳೆಯ ಅದನ್ನು ಕೇಳಿಕೊಂಡು ತಬಲಾ ನುಡಿಸಿ ಎಂಪಿ3 ಕಳಿಸಿದ. ಕೂರಿಸಿ ನೋಡಿದರೆ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರುವಾಗ ತಬಲಾ ಕೂದಲೆಳೆ ಹಿಂದೆ. ಪ್ರತಿ ಸಲವೂ. ನಾನು ಫೋನ್ ಮಾಡಿ 'ಯಾಕಪ್ಪಾ, ಎಳೀತಾ ಇದ್ದೀಯ' ಅಂದೆ. ಅವನಿಗೆ ಸಿಟ್ಟು ಬಂತು. ಮತ್ತೆ ನುಡಿಸಿ ಕಳಿಸಿದ, ಮತ್ತೆ ಅಷ್ಟೇ ಹಿಂದೆ. ಎರಡು ದಿನ ಮಾತಿಲ್ಲ.

ಆಮೇಲೆ ಗೊತ್ತಾಯಿತು, ಎಂಪಿ3 ಮಾಡುವಾಗ ಹಾಡಿನ ಮೊದಲಿಗೆ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಎಂಪಿ3 ಮಾಡಿಕೊಡುವ ಲೇಮ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸಾಮಾನ್ಯವಾಗಿ 576 ಸ್ಯಾಂಪಲ್ (ಒಂದು ಸಲ ಅಳೆದ ಅಂಕಿಯೇ ಒಂದು ಸ್ಯಾಂಪಲ್), ಬಿಚ್ಚುವ ಕಡೆ ಇನ್ನೊಂದು 529. ಒಟ್ಟು ಸೇರಿದರೆ 25 ಮಿಲಿಸೆಕೆಂಡ್. ಕೆಲವು ಆಪ್‌ಗಳು ಅದನ್ನು ಗುರುತಿಸಿ ಕತ್ತರಿಸುತ್ತವೆ, ಕೆಲವು ಇಲ್ಲ. ನಾನು ಕೊಳಲನ್ನು ಕಳಿಸಿದ್ದೂ ಎಂಪಿ3ಯಲ್ಲೇ, ಅಲ್ಲೂ ಒಂದು 25. ಅವನು ಅದಕ್ಕೆ ಸರಿಯಾಗಿಯೇ ನುಡಿಸಿದ್ದ. ಎರಡೂ ಸೇರಿ 50. ನಿಧಾನದ ವಿಲಂಬಿತದಲ್ಲಿ ನಡೆದುಹೋಗುತ್ತಿತ್ತೋ ಏನೋ, ವೇಗದ ದ್ರುತ್‌ನಲ್ಲಿ ತಾಳಜ್ಞಾನ ಇರುವ ಯಾರಿಗಾದರೂ ಚುಚ್ಚುತ್ತದೆ. ಅವತ್ತಿನಿಂದ ಒಬ್ಬರಿಗೊಬ್ಬರು ಟ್ರ್ಯಾಕ್ ಕಳಿಸಿಕೊಳ್ಳುವುದು ಅಂದರೆ ವೇವ್ ಇಲ್ಲವೇ ಫ್ಲ್ಯಾಕ್ ಮಾತ್ರ. ಗೆಳೆತನ ಉಳಿಯಿತು.

ಹೀಗೆ ಹೋಗಿದ್ದು ಬಂದಿದ್ದು ಎಲ್ಲ ಎಂಪಿ3 ಆದರೆ ಇನ್ನೊಂದು ನಷ್ಟ ಇದೆ. ಎಂಪಿ3 ತೆರೆದು, ಸ್ವಲ್ಪ ತಿದ್ದಿ, ಮತ್ತೆ ಎಂಪಿ3 ಅಂತಲೇ ಸೇವ್ ಮಾಡಿದರೆ ಕತ್ತರಿ ಇನ್ನೊಂದು ಸಲ ಆಡುತ್ತದೆ. ಕಾಫಿ ಫಿಲ್ಟರಿಗೆ ಎರಡನೇ ಸಲ ನೀರು ಹಾಕಿದ ಹಾಗೆ. ಬಣ್ಣ ಬರುತ್ತದೆ, ಘಮ ಬರುವುದಿಲ್ಲ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಕಾಪಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದರ ಉಲ್ಟಾ ಕೂಡ ನಡೆಯುತ್ತದೆ. ಒಬ್ಬರು ನನಗೆ ತಮ್ಮ ಹಾಡನ್ನು 'ಒರಿಜಿನಲ್ ಫ್ಲ್ಯಾಕ್' ಅಂತ ಕೊಟ್ಟರು. ಅಡಾಸಿಟಿ ಅನ್ನುವ ಸದ್ದು ತಿದ್ದುವ ಸಾಫ್ಟ್‌ವೇರ್‌ನಲ್ಲಿ ತೆರೆದು ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಬದಲಿಸಿದೆ. ಅದು ಸದ್ದಿನ ನಕ್ಷೆ ಇದ್ದ ಹಾಗೆ, ಕೆಳಗೆ ಮಂದ್ರ, ಮೇಲೆ ತಾರ. ನೋಡಿದರೆ 16 ಕಿಲೋಹರ್ಟ್ಝ್ ಹತ್ತಿರ ಸೌತೆಕಾಯಿ ಹೆಚ್ಚಿದ ಹಾಗೆ ನೇರ ಗೆರೆ, ಅದರ ಮೇಲೆ ಕಪ್ಪು. 128ರ ಎಂಪಿ3ಯ ಗುರುತು ಅದು. ಯಾರೋ ಅದನ್ನು ಫ್ಲ್ಯಾಕ್‌ಗೆ ಬದಲಿಸಿದ್ದಾರೆ, ಫೈಲು ದೊಡ್ಡದಾಗಿದೆ, ಹೋದದ್ದು ಬಂದಿಲ್ಲ. ಹಿಟ್ಟನ್ನು ಗೋಣಿಚೀಲಕ್ಕೆ ತುಂಬಿದರೆ ಜೋಳ ಆಗುವುದಿಲ್ಲವಲ್ಲ.

ಹಾಗಾಗಿ ನಾನು ಮಾಡುವುದು ಹೀಗೆ. ರೆಕಾರ್ಡ್ ಮಾಡುವಾಗ ವೇವ್, 48 ಕಿಲೋಹರ್ಟ್ಝ್ (ಸೆಕೆಂಡಿಗೆ 48,000 ಸಲ ಅಳೆಯುವುದು), 24 ಬಿಟ್. ಒಂದೇ ಮೈಕ್ ಇದ್ದರೆ ಮೋನೋ, ಸ್ಟೀರಿಯೋ ಮಾಡಿದರೆ ಅದೇ ಸದ್ದು ಎರಡು ಸಲ ಬರೆದಂತೆ, ಬರೀ ಜಾಗ ದಂಡ. ಮೋನೋದಲ್ಲಿ ಇದು ನಿಮಿಷಕ್ಕೆ 8.6 ಎಂಬಿ, ಆರು ನಿಮಿಷದ ದೇವರನಾಮಕ್ಕೆ 52 ಎಂಬಿ. ಈ ಕಾಲದಲ್ಲಿ ಅದೇನೂ ಅಲ್ಲ, ಮದುವೆ ಮನೆಯ ಒಂದು ವಿಡಿಯೋ ಅದಕ್ಕಿಂತ ದೊಡ್ಡದಿರುತ್ತದೆ. 24 ಬಿಟ್ ಯಾಕೆ ಅಂದರೆ, ಮೆಲ್ಲನೆಯ ಸದ್ದಿಗೂ ಜೋರು ಸದ್ದಿಗೂ ನಡುವಿನ ಅಂತರ ಒಂದೊಂದು ಬಿಟ್‌ಗೂ ಸುಮಾರು 6 ಡೆಸಿಬಲ್ ಲೆಕ್ಕ. 16 ಬಿಟ್‌ನಲ್ಲಿ 96, 24ರಲ್ಲಿ 144. ಕೇಳುವುದಕ್ಕೆ 16 ಧಾರಾಳ ಸಾಕು. ಆದರೆ ಮನೆಯಲ್ಲಿ ಹಾಡುವಾಗ ಪಲ್ಲವಿ ಮೆಲ್ಲಗೆ ಶುರುವಾಗಿ ತಾರ ಷಡ್ಜಕ್ಕೆ ಹೋದಾಗ ಸದ್ದು ಒಡೆದುಕೊಳ್ಳುತ್ತದೆ. 24 ಇದ್ದರೆ ಮೊದಲೇ ಮಟ್ಟ ತಗ್ಗಿಸಿಟ್ಟುಕೊಂಡು ಆಮೇಲೆ ಎತ್ತಬಹುದು, ಬುಸ್ ಅನ್ನುವುದು ಜೊತೆಗೆ ಏಳುವುದಿಲ್ಲ. ಫ್ಯಾನ್ ಸದ್ದು ಏಳುತ್ತದೆ, ಅದಕ್ಕೆ ಫ್ಯಾನ್ ಆರಿಸಿ.

ಫ್ಯಾನ್ ಅಂದಾಗ ನೆನಪಾಯಿತು. ಫೋನುಗಳಲ್ಲಿ, ವಿಡಿಯೋ ಕಾಲ್ ಆಪ್‌ಗಳಲ್ಲಿ ಗದ್ದಲ ತೆಗೆಯುವ ಸವಲತ್ತು ಇರುತ್ತದೆ. ಒಂದೇ ಸಮ ಬರುವ ಸದ್ದು ಗದ್ದಲ ಅನ್ನುವುದು ಅದರ ತಿಳುವಳಿಕೆ. ತಂಬೂರಿ ಒಂದೇ ಸಮ ಬರುವ ಸದ್ದು. ಅದರ ಪ್ರಕಾರ ತಂಬೂರಿ ಅಂದರೆ ಸೀಲಿಂಗ್ ಫ್ಯಾನ್! ಆನ್‌ಲೈನ್ ಪಾಠದಲ್ಲಿ ಗುರುಗಳ ತಂಬೂರಿ ಇದ್ದಕ್ಕಿದ್ದ ಹಾಗೆ ಮಾಯವಾಗುವುದು ಇದಕ್ಕೇ. ಝೂಮ್‌ನಲ್ಲಿ ಸಂಗೀತಗಾರರಿಗೆ ಅಂತಲೇ 'ಒರಿಜಿನಲ್ ಸೌಂಡ್' ಆಯ್ಕೆ ಇದೆ, ಹಾಕಿಕೊಳ್ಳಿ. ಗದ್ದಲ ತೆಗೆಯುವುದನ್ನು ನಿಲ್ಲಿಸದಿದ್ದರೆ ಯಾವ ಫಾರ್ಮ್ಯಾಟ್ ಇದ್ದರೂ ಪ್ರಯೋಜನ ಇಲ್ಲ.

44.1 ಒಳ್ಳೆಯದೋ 48 ಒಳ್ಳೆಯದೋ ಅಂತ ಜಗಳ ಆಡುವವರಿದ್ದಾರೆ. ಮನುಷ್ಯನ ಕಿವಿ ಮುಟ್ಟುವುದು 20 ಕಿಲೋಹರ್ಟ್ಝ್‌ವರೆಗೆ, ಎರಡರ ಅರ್ಧವೂ ಅದನ್ನು ದಾಟುತ್ತದೆ. ವಿಡಿಯೋ ಜಗತ್ತು 48ರಲ್ಲಿ ನಡೆಯುವುದರಿಂದ ನಾನು 48 ಇಟ್ಟುಕೊಂಡಿದ್ದೇನೆ. ಯಾವುದಾದರೂ ಸರಿ, ಒಂದನ್ನೇ ಹಿಡಿಯಿರಿ. ಒಮ್ಮೆ 44.1ರ ಫೈಲು 48 ಅಂತ ತಪ್ಪಾಗಿ ಓಡಿ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದರ ಶ್ರುತಿಯಲ್ಲಿ ಹಾಡಿದ್ದು ಬಿಳಿ ಎರಡೂ ಅಲ್ಲದ ಕಪ್ಪು ಎರಡೂ ಅಲ್ಲದ ನಡುವೆ ಎಲ್ಲೋ ಹೋಗಿ ಕೂತಿತ್ತು. ಹಾಡಿದ ಮಹಾನುಭಾವರು 'ಪರವಾಗಿಲ್ಲ, ಇವತ್ತು ಗಂಟಲು ಚೆನ್ನಾಗಿದೆ' ಅಂದುಕೊಂಡರು.

ತಿದ್ದಿ ಮುಗಿದ ಮೇಲೆ ಇಡುವುದು ಫ್ಲ್ಯಾಕ್‌ನಲ್ಲಿ. ಜಾಗ ಉಳಿಯುತ್ತದೆ ಅನ್ನುವುದು ಒಂದು. ಒಳಗಿನ ಸದ್ದಿನ ಲೆಕ್ಕದ ಗುರುತು ಫೈಲಿನಲ್ಲೇ ಬರೆದಿರುತ್ತದೆ, ಹತ್ತು ವರ್ಷದ ಮೇಲೆ ಹಾರ್ಡ್ ಡಿಸ್ಕ್ ಕೈಕೊಟ್ಟು ನಡುವೆ ಏನಾದರೂ ಕೆಟ್ಟಿದ್ದರೆ ತಾಳೆ ನೋಡಿ ಹೇಳಿಬಿಡಬಹುದು. ಮೂರನೆಯದು ಹೆಸರು, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕನ್ನಡದವರಿಗೇ ಆಗುವ ತೊಂದರೆ ಇದು.

ಹಾಡಿನ ಹೆಸರು, ರಾಗ, ಹಾಡಿದವರು, ದಿನಾಂಕ ಇವೆಲ್ಲ ಫೈಲಿನೊಳಗೇ ಇದ್ದರೆ ಚೆಂದ. ವೇವ್‌ನಲ್ಲಿ ಅದಕ್ಕೆ ಜಾಗ ಇದೆ, ಆದರೆ ಒಂದೊಂದು ಆಪ್ ಒಂದೊಂದು ಥರ ಓದುತ್ತದೆ. ಈ ವಿವರ ಬರೆದಿಡುವ ಎಂಪಿ3ಯ ಹಳೇ ಟ್ಯಾಗ್‌ನಲ್ಲಿ ಹೆಸರಿಗೆ ಇದ್ದದ್ದು ಬರೀ 30 ಬೈಟ್. ಇಂಗ್ಲಿಷಿಗೆ 30 ಅಕ್ಷರ. ನಮ್ಮ ಲಿಪಿಯಲ್ಲಿ ಒಂದೊಂದು ಗುರುತಿಗೂ, ಎಲ್ಲ ಲಿಪಿಗಳನ್ನೂ ಬರೆಯುವ ಯುಟಿಎಫ್-8 ಕ್ರಮದಲ್ಲಿ, 3 ಬೈಟ್ ಬೇಕು. 'ಕನ್ನಡ' ಅಂತ ಬರೆದರೆ, ಒತ್ತಕ್ಷರ ಮಾಡುವ '್' ಕೂಡ ಸೇರಿ ಐದು ಗುರುತು, 15 ಬೈಟ್. ಎರಡು ಸಲ ಬರೆದರೆ ಡಬ್ಬಿ ಭರ್ತಿ. ಹಳೇ ಕಾರ್ ಸ್ಟೀರಿಯೋಗಳಲ್ಲಿ ದಾಸರ ಪದದ ಹೆಸರು ಚೌಕ ಚೌಕವಾಗಿ ಕಾಣುವುದು ಈ ಥರದ ರಗಳೆಗಳಿಂದ, ಇಲ್ಲವೇ ಅದರಲ್ಲಿ ಕನ್ನಡ ಫಾಂಟೇ ಇರುವುದಿಲ್ಲ. ಫ್ಲ್ಯಾಕ್‌ನ ಟ್ಯಾಗ್ ಶುರುವಿನಿಂದಲೂ ಯುಟಿಎಫ್-8, ಕನ್ನಡ ಆರಾಮಾಗಿ ಕೂರುತ್ತದೆ. ಎಂಪಿ3ಯಲ್ಲೂ ಅದರ ಐಡಿ3 ಅನ್ನುವ ಟ್ಯಾಗಿನ ಎರಡನೇ ಆವೃತ್ತಿ ಆರಿಸಿಕೊಂಡರೆ ಸರಿಹೋಗುತ್ತದೆ. ಫೈಲಿನ ಹೆಸರನ್ನು ಮಾತ್ರ ನಾನು ಇಂಗ್ಲಿಷ್ ಅಕ್ಷರದಲ್ಲೇ ಇಡುತ್ತೇನೆ, ದಿನಾಂಕ ಮೊದಲು. ಭಾಷಾಭಿಮಾನಿಗಳು ಕ್ಷಮಿಸಿ, ಪೆನ್‌ಡ್ರೈವ್ ಊರೂರು ತಿರುಗುತ್ತದೆ.

ಕಳಿಸುವುದಕ್ಕೆ ಮಾತ್ರ ಎಂಪಿ3 ಅಥವಾ ಎಎಸಿ, ಅದೂ ಫ್ಲ್ಯಾಕ್‌ನಿಂದ ಹೊಸದಾಗಿ ಮಾಡಿಕೊಂಡು. ಎಂಪಿ3 ಹಾಡದ ಯಂತ್ರ ಇಲ್ಲ, 2017ರಿಂದ ಪೇಟೆಂಟಿನ ತಲೆನೋವೂ ಇಲ್ಲ. 192 ಅಥವಾ 256 ಇಡುತ್ತೇನೆ. ಮಾಡುವ ಮುಂಚೆ ಮಟ್ಟವನ್ನು 1 ಡೆಸಿಬಲ್ ತಗ್ಗಿಸಿ, ತುದಿಗೆ ಮುಟ್ಟಿದ್ದ ಸದ್ದು ಎಂಪಿ3 ಆದಾಗ ಇನ್ನೊಂಚೂರು ಮೇಲೆದ್ದು ಒಡೆಯುತ್ತದೆ. ವಾಟ್ಸಾಪ್‌ನಲ್ಲಿ ಮೈಕ್ ಒತ್ತಿ ಹಾಡಬೇಡಿ, ಫೈಲನ್ನು ಡಾಕ್ಯುಮೆಂಟ್ ಅಂತ ಲಗತ್ತಿಸಿ. ಯೂಟ್ಯೂಬ್ ಏನು ಕೊಟ್ಟರೂ ತಾನೇ ಮತ್ತೆ ಹಿಂಡುತ್ತದೆ, ಅದಕ್ಕೇ ವಿಡಿಯೋ ಜೋಡಿಸುವಾಗ ವೇವ್ ಹಾಕಿ, ಒಂದು ಕತ್ತರಿಯಾದರೂ ಕಮ್ಮಿ ಆಗಲಿ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಬರೆಯುತ್ತೇನೆ.

'ಸರ್, ನನ್ನ ಫೋನಲ್ಲಿ ಎಂ4ಎ ಬಿಟ್ಟು ಬೇರೆ ಬರಲ್ಲ' ಅಂತ ಒಬ್ಬ ಹುಡುಗ ಕೇಳಿದ. ಎಂ4ಎ ಒಳಗೆ ಸಾಮಾನ್ಯವಾಗಿ ಎಎಸಿ ಇರುತ್ತದೆ. ಹಾಗಿದ್ದರೆ ನಿನ್ನ ಮಟ್ಟಿಗೆ ಅದೇ ಮೂಲ, ಅದನ್ನು ಮುಟ್ಟದೆ ಎತ್ತಿಡು. ವೇವ್‌ಗೆ ಬದಲಿಸಿದರೆ ಚೆನ್ನಾಗುತ್ತದೆ ಅಂದುಕೊಳ್ಳಬೇಡ. ವೇವ್‌ನಲ್ಲಿ ರೆಕಾರ್ಡ್ ಮಾಡುವ ಆಪ್‌ಗಳು ಬೇಕಾದಷ್ಟಿವೆ. ಐಫೋನ್ ಆದರೆ ವಾಯ್ಸ್ ಮೆಮೋಸ್ ಸೆಟ್ಟಿಂಗ್ಸ್‌ನಲ್ಲಿ 'ಲಾಸ್‌ಲೆಸ್' ಅಂತಲೇ ಇದೆ.

ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳಿ ಎರಡರಲ್ಲೂ ವ್ಯತ್ಯಾಸ ಇಲ್ಲ ಅಂದವರಿಗೆ, ಆ ದಾರಿಯಲ್ಲಿ ಸದ್ದು ಸಾಮಾನ್ಯವಾಗಿ ಇನ್ನೊಂದು ಸಲ ಹಿಂಡಿಸಿಕೊಂಡೇ ಕಿವಿಗೆ ಬರುತ್ತದೆ, ವೈರ್ ಹಾಕಿ ಕೇಳಿ ಅಂದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಹಿರಿಯ ಮಹಿಳೆ, ಎಪ್ಪತ್ತು ದಾಟಿರಬೇಕು, ತಮ್ಮ ತಂದೆ ಪಾಠ ಹೇಳಿದ 40 ಕ್ಯಾಸೆಟ್ ಇವೆ, ಏನು ಮಾಡಲಿ ಅಂದರು. ಒಂದು ಗಂಟೆಯ ಕ್ಯಾಸೆಟ್ಟಿಗೆ 48-24ರ ಸ್ಟೀರಿಯೋ ವೇವ್ ಸುಮಾರು 1 ಜಿಬಿ, 40ಕ್ಕೆ 40 ಜಿಬಿ. ಟೇಪಿನ ಬುಸುಬುಸು ಇರುವುದರಿಂದ ಫ್ಲ್ಯಾಕ್ ಅಷ್ಟೇನೂ ಕುಗ್ಗಿಸುವುದಿಲ್ಲ, ಆದರೂ ಒಂದು 64 ಜಿಬಿ ಪೆನ್‌ಡ್ರೈವಿನಲ್ಲಿ ಎಲ್ಲ ಹಿಡಿಯುತ್ತದೆ. ಎರಡು ಪೆನ್‌ಡ್ರೈವ್ ಮಾಡಿ, ಒಂದು ಮಗಳ ಮನೆಯಲ್ಲಿರಲಿ ಅಂದೆ.

'ನಡುನಡುವೆ ಅಪ್ಪ ಬೈದಿದ್ದೂ ಇದೆ. ತೆಗೆಯಬಹುದಾ?'

'ಕಾಪಿಯಲ್ಲಿ ತೆಗೀರಿ ಅಮ್ಮಾ. ಮೂಲದಲ್ಲಿ ಇರಲಿ.'

'ನನಗೇ ಬೈದಿರೋದು,' ಅಂದು ನಕ್ಕರು. ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿಸಲಿ ಅಂದರು. ಅದು ಆಮೇಲೆ, ಮೊದಲು ಒಳ್ಳೆ ಪ್ಲೇಯರ್ ಹುಡುಕಿ ಅಂದೆ. ಬೆಲ್ಟ್ ಸಡಿಲಾಗಿದ್ದರೆ ಶ್ರುತಿ ತೂಗಾಡುತ್ತದೆ, ವೇಗ ತಪ್ಪಿದ್ದರೆ ಶ್ರುತಿಯೇ ಬೇರೆಯಾಗುತ್ತದೆ. ತಂದೆಯವರ ಶ್ರುತಿ ಯಾವುದಿತ್ತು ಅಂತ ಕೇಳಿದೆ. 'ಬಿಳಿ ಒಂದು' ಅಂತ ತಟ್ಟನೆ ಹೇಳಿದರು. ಹಾಗಾದರೆ ಒಂದು ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡೇ ಮೊದಲ ಕ್ಯಾಸೆಟ್ ಹಾಕಿ.